ಅಂಕವೆಂಬ ಅಳತೆಗೋಲು

ಹೂ ಮಾರುವವಳು ಮೊಳ ಹಾಕಿ ಹೂವನ್ನು ಅಳೆದು ಕೊಡುತ್ತಾಳೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಅಳೆಯುವವಳ ಕೈ ಗಿಡ್ಡವಾದರೆ ಮೊಳವೂ ಗಿಡ್ಡವೇ. ಒಬ್ಬಳ ಬಳಿಯಲ್ಲೇ ಕೊಳ್ಳುವಾಗ ಇದರಿಂದ ಬಾಧಕವಿಲ್ಲ. ಇಬ್ಬರು ಅಳೆದ ಮಾಲೆಗಳನ್ನು ಹೋಲಿಸಬೇಕಾಗಿ ಬಂದಾಗಲೇ ತಕರಾರು ಹುಟ್ಟುತ್ತದೆ. ಕಾಲೇಜು ಪ್ರವೇಶಕ್ಕಾಗಿ ನಡೆಸುವ ಸಾಮಾನ್ಯ ಪರೀಕ್ಷೆಗಳು ಹುಟ್ಟಿದ್ದು ಇಂತಹ ತಕರಾರಿನಿಂದಲೇ. ಅವು ಹೇಗೆ ಬೆಳೆದುವು, ಅವುಗಳ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ನಾಡಿನ ಹಲವು ಮೊಳಗಳು

1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದುವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾಗುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸಿಗೆ ಸೇರಿದ್ದುವು. ಧಾರವಾಡದ ಕಡೆಯವರಿಗೆ ಮುಂಬಯಿ, ಕಲಬುರಗಿಯ ಕಡೆಯವರಿಗೆ ಹೈದರಾಬಾದು, ಮಂಗಳೂರಿನವರಿಗೆ ಮದರಾಸು ವಿದ್ಯಾಕೇಂದ್ರಗಳಾಗಿದ್ದುವು. 1956ರ ನವೆಂಬರ್ 1ರಂದು ಈ ಪ್ರದೇಶಗಳೆಲ್ಲ ಒಂದೇ ರಾಜ್ಯವಾದಾಗ, ಹೀಗೆ ಬೇರೆ ಬೇರೆ ಪರೀಕ್ಷಾಪದ್ಧತಿಗಳಲ್ಲಿ ಬೆಳೆದ ಭಾಗಗಳು ಒಂದೆಡೆ ಸೇರಿದುವು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಾದರೋ ಬಹು ಕಡಮೆ.

ಆಗ ಪರೀಕ್ಷೆಯ ಅಂಕಗಳೊಡನೆ ಸಂದರ್ಶನದ ಅಂಕಗಳನ್ನೂ ಕೂಡಿಸುವ ಕ್ರಮವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆಂದು ಇರಿಸಲಾಗಿತ್ತು. ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಇಷ್ಟು ಅಂಕಗಳನ್ನು ನಿರ್ಧರಿಸುವುದು ನ್ಯಾಯವೇ ಎಂಬ ಪ್ರಶ್ನೆಯು ಚಿತ್ರಲೇಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1964ರಲ್ಲಿ ನ್ಯಾಯಾಲಯವು ಸಂದರ್ಶನ ಪದ್ಧತಿಯು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಬಹುಮತದಿಂದ ತೀರ್ಪಿತ್ತಿತು.

ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಹಣವೇ ಅಳತೆಗೋಲಾಗತೊಡಗಿತು. ಇದನ್ನು ತಡೆಯಲು ಕರ್ನಾಟಕವು 1984ರಲ್ಲಿ ತಲೆಗಂದಾಯ ನಿಷೇಧ ಕಾಯಿದೆಯನ್ನು ಮಾಡಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷಕ್ಕೆ ಸರ್ಕಾರಿ ಸ್ಥಾನಕ್ಕೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರಗಿನವರಿಗೆ 60,000 ರೂಪಾಯಿಗಳವರೆಗೆ ಶುಲ್ಕವನ್ನು ಗೊತ್ತುಮಾಡಿತ್ತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೂ ತಲೆಗಂದಾಯವೇ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ, ಖಾಸಗಿ ಕಾಲೇಜುಗಳ ಸ್ಥಾನಗಳನ್ನೂ ಅರ್ಹತೆಯ ಕ್ರಮದಲ್ಲೇ ತುಂಬಬೇಕೆಂಬ ಯೋಜನೆಯನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಘಟಕವು ಸ್ಥಾಪಿತವಾಯಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅದರ ಮುಂದುವರಿಕೆ. ಉನ್ನಿಕೃಷ್ಣನ್ ಯೋಜನೆಯನ್ನು ನ್ಯಾಯಾಲಯವೇ 2002ರಲ್ಲಿ ಕೈಬಿಟ್ಟಿತಾದರೂ ಸಾಮಾನ್ಯ ಪರೀಕ್ಷೆಯು ಉಳಿಯಿತು.

ಸೀಸದ ಕಡ್ಡಿಯೂ ಓಮನ ನಿಯಮವೂ

ಲಕ್ಷಾಂತರ ಉತ್ತರಪತ್ರಿಕೆಗಳನ್ನು ಒಂದೇ ಅಳತೆಯಿಂದ ನೋಡುವುದು ಮನುಷ್ಯರಿಂದಾಗುವ ಕೆಲಸವಲ್ಲ. ಈ ತೊಡಕನ್ನು ಮೊದಲು ಬಿಡಿಸಿದ್ದು ಅಮೆರಿಕದಲ್ಲಿ. ಅಲ್ಲಿ 1926ರ ಜೂನ್ 23ರಂದು ಮೊದಲ ಎಸ್‌ಎಟಿ ಪರೀಕ್ಷೆ ನಡೆಯಿತು. 8,040 ಮಂದಿ 97 ನಿಮಿಷಗಳಲ್ಲಿ 315 ಪ್ರಶ್ನೆಗಳನ್ನು ಎದುರಿಸಿದರು. 1938ರಲ್ಲಿ ಐಬಿಎಂ ಸಂಸ್ಥೆಯು ಉತ್ತರಗಳನ್ನು ಎಣಿಸುವ ಯಂತ್ರವನ್ನು ಹೊರತಂದಿತು. ಅದರ ಮೂಲ ಕಲ್ಪನೆ ರೆನಾಲ್ಡ್ ಜಾನ್ಸನ್ ಎಂಬ ಪ್ರೌಢಶಾಲೆಯ ಉಪಾಧ್ಯಾಯನದು.

ಪೆನ್ಸಿಲಿನ ಗ್ರಾಫೈಟು ವಿದ್ಯುದ್ವಾಹಕ. ಸರಿಯುತ್ತರದ ಜಾಗದಲ್ಲಿ ಗೆರೆ ಇದ್ದರೆ ಅದರ ಮೂಲಕ ವಿದ್ಯುತ್ತು ಹರಿಯುತ್ತದೆ. ಒಟ್ಟು ವಿದ್ಯುತ್ಪ್ರವಾಹವನ್ನು ಅಳೆದರೆ ಸರಿಯುತ್ತರಗಳ ಸಂಖ್ಯೆ ಸಿಗುತ್ತದೆ. ಆದರೆ ಒಬ್ಬನ ಗೆರೆ ದಪ್ಪ, ಇನ್ನೊಬ್ಬನದು ತೆಳು. ಆದ್ದರಿಂದ ರೋಧವೂ ಬೇರೆ ಬೇರೆ. ಜಾನ್ಸನ್ ಕಂಡುಕೊಂಡ ಉಪಾಯವೆಂದರೆ ಪ್ರತಿಯೊಂದು ಗೆರೆಯ ಮಂಡಲಕ್ಕೂ ಗೆರೆಯ ರೋಧಕ್ಕಿಂತ ಬಹಳ ದೊಡ್ಡದಾದ ರೋಧವೊಂದನ್ನು ಶ್ರೇಣಿಯಲ್ಲಿ ಜೋಡಿಸುವುದು. ಆಗ ಪ್ರವಾಹವನ್ನು ನಿರ್ಧರಿಸುವುದು ಆ ದೊಡ್ಡ ರೋಧವೇ. ಗೆರೆ ದಪ್ಪವಾದರೂ ತೆಳುವಾದರೂ ಲೆಕ್ಕ ಬದಲಾಗದು. ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಯು ಇದನ್ನು ತಾನೇ ಲೆಕ್ಕಹಾಕಿ ನೋಡಬಹುದು. ಇಂದು ನಾವು ತುಂಬುವ ಒಎಂಆರ್ ಹಾಳೆಯಲ್ಲಿ ವಿದ್ಯುತ್ತಿನ ಬದಲು ಬೆಳಕು ಈ ಕೆಲಸವನ್ನು ಮಾಡುತ್ತದೆ.

ಅಳತೆಯ ದೋಷ

ಯಂತ್ರವು ಪಕ್ಷಪಾತವಿಲ್ಲದೆ ಎಣಿಸುತ್ತದೆ, ನಿಜ. ಅಷ್ಟಕ್ಕೇ ಅಳತೆ ನಿಖರವಾಯಿತೆನ್ನಬಹುದೆ? ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಬರೆಯುವಾಗ ದೋಷವೆಷ್ಟೆಂಬುದನ್ನೂ ಬರೆಯುತ್ತೇವೆ. ಪರೀಕ್ಷೆಯ ಅಂಕಕ್ಕೂ ಇಂತಹ ದೋಷಗಣಿತವು ಅನ್ವಯಿಸುತ್ತದೆಂದು ಎಜ್ವರ್ತ್ ಎಂಬ ವಿದ್ವಾಂಸನು 1888ರಷ್ಟು ಹಿಂದೆಯೇ ತೋರಿಸಿದ್ದನು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಿಇಟಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು; ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿಗೆ 36 ಪ್ರಶ್ನೆಗಳು ಚೆನ್ನಾಗಿ ಗೊತ್ತು. ಮಿಕ್ಕ 24ಕ್ಕೆ ಆಕೆ ಊಹೆಯಿಂದ ಗುರುತು ಹಾಕುತ್ತಾಳೆನ್ನೋಣ. ಊಹೆಯಲ್ಲಿ ನಾಲ್ಕರಲ್ಲೊಂದು ಸರಿಯಾಗುವ ಸಂಭವವಿರುವುದರಿಂದ ಸರಾಸರಿ 6 ಅಂಕ ಹೆಚ್ಚಾಗಿ ಸಿಗುತ್ತದೆ. ಇದರ ಮಾನಕ ವಿಚಲನೆಯು 24×¼×¾ರ ವರ್ಗಮೂಲ, ಎಂದರೆ ಸುಮಾರು 2. ಆದ್ದರಿಂದ ಆಕೆಯ ಅಂಕವನ್ನು 42 ಎನ್ನುವುದಕ್ಕಿಂತ 42±2 ಎನ್ನುವುದು ಸರಿ. ಇಷ್ಟೇ ತಿಳಿವಳಿಕೆಯುಳ್ಳ ಇನ್ನೊಬ್ಬಳೂ ಹೀಗೆಯೇ ಬರೆದರೆ, ಇಬ್ಬರ ಅಂತರದ ಮಾನಕ ವಿಚಲನೆ 24×2×¼×¾, ಅಂದರೆ 9ರ ವರ್ಗಮೂಲ, 3. ಸಮಾನರಾದ ಇಬ್ಬರು ಒಂದೇ ಪತ್ರಿಕೆಯಲ್ಲಿ ಅದೃಷ್ಟಮಾತ್ರದಿಂದ ಮೂರಂಕ ದೂರವಾಗುವುದು ಅಪರೂಪವಲ್ಲ. ರ್‍ಯಾಂಕು ಪಟ್ಟಿಯಲ್ಲಿ ಮೂರಂಕದ ನಡುವೆ ನಿಂತಿರುವವರೆಷ್ಟು ಮಂದಿಯೋ!

ತಪ್ಪಿಗೆ ಅಂಕ ಕಳೆದರೆ ಇದು ನೀಗುವುದೆ? ನೀಟ್ ಪರೀಕ್ಷೆಯಲ್ಲಿ ಸರಿಗೆ 4 ಅಂಕ ಕೂಡಿಸಿ ತಪ್ಪಿಗೆ 1 ಕಳೆಯುತ್ತಾರೆ. ಬರಿಯ ಊಹೆಯ ಸರಾಸರಿ ಫಲ 4×¼–1×¾, ಎಂದರೆ ಕಾಲು ಅಂಕದ ಲಾಭ. ಊಹೆಯ ಫಲವು ಸೊನ್ನೆಯಾಗಬೇಕಾದರೆ ತಪ್ಪಿಗೆ 4/3 ಅಂಕ ಕಳೆಯಬೇಕು. ಹಾಗೆ ಮಾಡಿದರೂ ಸರಾಸರಿಯಷ್ಟೇ ಸೊನ್ನೆಯಾಗುತ್ತದೆ. ಅದೃಷ್ಟದ ಏರಿಳಿತವು ಹೋಗದು.

ಪ್ರಶ್ನೆಯಲ್ಲೇ ದೋಷವಿದ್ದರೆ ಪರಿಣಾಮವು ಇನ್ನೂ ದೊಡ್ಡದು. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಪರಮಾಣುವಿನ ಸ್ಥಿರತೆಯನ್ನು ಕುರಿತ ಭೌತಶಾಸ್ತ್ರದ ಪ್ರಶ್ನೆಯೊಂದಕ್ಕೆ ಎರಡು ಉತ್ತರಗಳನ್ನು ಒಪ್ಪಲಾಗಿತ್ತು. ಹಳೆಯ ಪಠ್ಯಪುಸ್ತಕದ ಪ್ರಕಾರ ಎಲ್ಲ ಮೂಲವಸ್ತುಗಳ ಪರಮಾಣುಗಳೂ ಸ್ಥಿರ. ಹೊಸದರ ಪ್ರಕಾರ ಬಹುತೇಕ ಮೂಲವಸ್ತುಗಳವು ಮಾತ್ರ. ವಿಕಿರಣಪಟು ಧಾತುಗಳನ್ನು ನೆನೆದರೆ ಹೊಸ ವಾಕ್ಯವೇ ಸರಿಯೆಂಬುದು ಸ್ಪಷ್ಟ. ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಐಐಟಿಯ ತಜ್ಞರನ್ನು ಕೇಳಿ ಒಂದೇ ಉತ್ತರವನ್ನು ಉಳಿಸಿದಾಗ, ಪೂರ್ಣಾಂಕ ಪಡೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು. ಆ 44 ಮಂದಿಯ ತಿಳಿವಳಿಕೆ ಒಂದೇ ವಾರದಲ್ಲಿ ಕುಗ್ಗಿತೆ? ಬದಲಾದದ್ದು ಅಳತೆಗೋಲು ಮಾತ್ರ.

ಅಳೆಯುವುದು ಏನನ್ನು?

ಕೊನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಎಸ್‌ಎಟಿಯನ್ನು ರೂಪಿಸಿದ ಕಾರ್ಲ್ ಬ್ರಿಗಮನು 1923ರಲ್ಲಿ ಬರೆದ ಗ್ರಂಥದಲ್ಲಿ ಇಂತಹ ಪರೀಕ್ಷೆಗಳ ಅಂಕಗಳನ್ನು ಹಿಡಿದು, ಕೆಲವು ಜನಾಂಗಗಳು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕೀಳೆಂದು ವಾದಿಸಿದ್ದನು. ಭಾಷೆ ಮತ್ತು ಪರಿಸರಗಳ ಪ್ರಭಾವವನ್ನು ಪರೀಕ್ಷೆಯು ಬೇರ್ಪಡಿಸಲಾರದೆಂದು ಮನಗಂಡು, 1930ರಲ್ಲಿ ತನ್ನ ತೀರ್ಮಾನಗಳನ್ನು ತಾನೇ ಹಿಂತೆಗೆದುಕೊಂಡನು. ಅಂಕವು ಆ ಹೊತ್ತಿನ ಸಾಧನೆಯನ್ನು ತಿಳಿಸೀತು. ಹುಟ್ಟಿನ ಯೋಗ್ಯತೆಯನ್ನು ತಿಳಿಸಲಾರದು.

ಇದು ನಮಗೂ ಸಲ್ಲುವ ಮಾತು. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಸಿಇಟಿಯಲ್ಲಿ ಪತ್ರಿಕೆ ಒಂದೇ, ಕಾಲಾವಧಿ ಒಂದೇ. ಅದಕ್ಕೆ ಮುಂಚಿನ ವರ್ಷಗಳು ಒಂದೇ ಅಲ್ಲ. ಗ್ರಾಮಾಂತರದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸ್ಥಾನಗಳನ್ನು ಸಿಇಟಿ ಪ್ರವೇಶದಲ್ಲಿ ಮೀಸಲಿರಿಸಿರುವುದು ಈ ವ್ಯತ್ಯಾಸವನ್ನು ಸ್ವಲ್ಪಮಟ್ಟಿಗೆ ತಿದ್ದುವ ಪ್ರಯತ್ನ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯದೋಷವನ್ನು ಕಳೆಯುವುದನ್ನು ಯಾರೂ ಪಕ್ಷಪಾತವೆನ್ನುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕಗಳನ್ನೂ ಸಿಇಟಿಯ ಅಂಕಗಳನ್ನೂ ಸಮಸಮವಾಗಿ ಗಣಿಸುವ ಕ್ರಮದ ಹಿಂದೆಯೂ, ಒಂದೇ ಬಾರಿಯ ಅಳತೆಗಿಂತ ಎರಡು ಬಾರಿಯದು ಮೇಲೆಂಬ ಪ್ರಯೋಗಶಾಲೆಯ ತತ್ತ್ವವನ್ನು ಕಾಣಬಹುದು.

ಹಾಗಾದರೆ ಸಾಮಾನ್ಯ ಪರೀಕ್ಷೆಯು ಬೇಡವೆನ್ನೋಣವೆ? ಸಂದರ್ಶನದ ಅಂಕಗಳನ್ನೂ ತಲೆಗಂದಾಯವನ್ನೂ ಕಂಡ ನಾಡು ಹಾಗೆನ್ನಲಾರದು. ದೋಷವಿರುವ ಕೋಲಾದರೂ ಎಲ್ಲರಿಗೂ ಒಂದೇ ಕೋಲಿರುವುದು ದೊಡ್ಡ ಲಾಭವೇ. ಆದರೆ ಸ್ಥಾನಗಳನ್ನು ಹಂಚಲು ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕಾಗುತ್ತದೆ. ಆ ಗೆರೆಯ ಎರಡು ಅಂಕ ಮೇಲಿರುವವನೂ ಎರಡು ಅಂಕ ಕೆಳಗಿರುವವನೂ, ಈ ಅಳತೆಗೋಲಿನ ಮಟ್ಟಿಗೆ, ಬೇರೆಯವರೆಂದು ಹೇಳಲು ಆಧಾರವಿಲ್ಲ. ಫಲಿತಾಂಶದ ದಿನ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಪಟ್ಟಿಯನ್ನು ನೋಡುವಾಗ, ಪ್ರತಿ ಅಂಕದ ಮುಂದೆಯೂ ಅಚ್ಚಾಗದ ಒಂದು ± ಚಿಹ್ನೆ ಇದೆಯೆಂಬುದನ್ನು ನೆನಪಿಡುವುದು ಒಳ್ಳೆಯದು.