ನಾಣ್ಯದ ಬೆಲೆಯಲ್ಲಿ ಬೆಳ್ಳಿ ಎಷ್ಟು, ಇತಿಹಾಸ ಎಷ್ಟು?

ಭಾರತ ಸರ್ಕಾರ 2006ರ ಇಸವಿ ಹಾಕಿ ಮಹಾತ್ಮ ಬಸವೇಶ್ವರರ ನೆನಪಿಗೆ ಎರಡು ನಾಣ್ಯ ಹೊರಡಿಸಿತು. ಐದು ರೂಪಾಯಿಯದು ಚಲಾವಣೆಗೆ ಬಂತು. ಕರ್ಜಗಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲೇ ಅದು ನನ್ನ ಕೈಗೆ ಬಂದದ್ದು. ನೂರು ರೂಪಾಯಿಯದು ಬೆಳ್ಳಿ ಬೆರೆತ ನಾಣ್ಯ. ಸಂಗ್ರಾಹಕರಿಗೆಂದೇ ಟಂಕಸಾಲೆ ಪೆಟ್ಟಿಗೆಯಲ್ಲಿಟ್ಟು ಮಾರಿದ್ದು. ಅದನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ, ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಂಡೆ. ಅಂಬಿಗರ ಚೌಡಯ್ಯನವರ ಚೌಡದಾನಪುರ ಇರುವುದು ನಮ್ಮದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಶರಣರ ನೆನಪು ನಮ್ಮ ಸೀಮೆಯಲ್ಲಿ ಮನೆಮಾತು. ಹಾಗಾಗಿ ಆ ನಾಣ್ಯ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಹತ್ತಿರದ್ದು.

ಹತ್ತಿರದ್ದಾದ ಮಾತ್ರಕ್ಕೆ ಅದು ಉಳಿತಾಯವಾಗುತ್ತದೆಯೇ? ಸ್ಮರಣಾರ್ಥ ನಾಣ್ಯ ಕೊಳ್ಳಬೇಕೆಂದಿರುವ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಉತ್ತರ ಲೆಕ್ಕದಲ್ಲಿದೆ.

ಆ ಕಾಲದ ನೂರು ರೂಪಾಯಿ ನಾಣ್ಯದ ತೂಕ 35 ಗ್ರಾಂ, ಅಡ್ಡಳತೆ 44 ಮಿಲಿಮೀಟರ್. ಅದರಲ್ಲಿ ಬೆಳ್ಳಿ ನೂರಕ್ಕೆ 50 ಭಾಗ, ತಾಮ್ರ 40, ನಿಕ್ಕಲ್ 5, ಸತು 5. ಅಂದರೆ ಶುದ್ಧ ಬೆಳ್ಳಿ 17.5 ಗ್ರಾಂ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿ ಮೇಲೇರಿತು. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 100 ರೂಪಾಯಿ ಹಿಡಿದರೆ ಲೋಹದ ಬೆಲೆ 1,750 ರೂಪಾಯಿ. ಅದರಾಚೆ ನಾವು ಕೊಡುವ ಪ್ರತಿ ರೂಪಾಯಿಯೂ ಕೆಲಸಗಾರಿಕೆಗೆ, ವಿರಳತೆಗೆ, ಸ್ಥಿತಿಗೆ ಮತ್ತು ನಮ್ಮ ಅಕ್ಕರೆಗೆ ಹೋಗುತ್ತದೆ. ಆ ಭಾಗ ಮರಳಿ ಬರಬೇಕಾದರೆ ನಮ್ಮಷ್ಟೇ ಅಕ್ಕರೆಯ ಇನ್ನೊಬ್ಬ ಸಂಗ್ರಾಹಕ ಸಿಗಬೇಕು.

ಲೋಹದ 1,750 ಕೂಡ ಕೈಗೆ ಬಂದಂತಲ್ಲ. ಹಾವೇರಿಯ ಪತ್ತಾರರೊಬ್ಬರಿಗೆ ಒಮ್ಮೆ ನಾಣ್ಯ ತೋರಿಸಿದಾಗ ಅವರು ನೇರವಾಗಿ ಹೇಳಿದರು: "ಸರ, ಇದು ಅರ್ಧಾ ಬ್ಯಾರೆ ಧಾತು ಕೂಡಿದ್ದು. ನಾವು ಬೆಳ್ಳಿ ಅಂತ ತೂಕಕ್ಕ ಹಿಡಿಯಾಕ ಬರೂದಿಲ್ಲ. ಬಲ್ಲವರಿಗೇ ಮಾರ್ರಿ." ಕರಗಿಸಿ ಬೆಳ್ಳಿ ತೆಗೆಯಲು ಕಾನೂನೂ ಬಿಡುವುದಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಸರ್ಕಾರದ ನಾಣ್ಯವನ್ನು ಕರಗಿಸುವಂತಿಲ್ಲ, ತುಂಡರಿಸುವಂತಿಲ್ಲ. ಬೆಳ್ಳಿಯಲ್ಲೇ ರೊಕ್ಕ ಕೂಡಿಡಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಸ್ಮರಣಾರ್ಥ ನಾಣ್ಯ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ನಾಣ್ಯ ದೊಡ್ಡದಿದ್ದಷ್ಟು ಬೆಳ್ಳಿ ಹೆಚ್ಚು ಎಂಬ ಲೆಕ್ಕವೂ ನಿಲ್ಲುವುದಿಲ್ಲ. 1969ರಲ್ಲಿ ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ ಬಂದ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ. ಅದರಲ್ಲಿ ಬೆಳ್ಳಿ ನೂರಕ್ಕೆ 80, ಅಂದರೆ 12 ಗ್ರಾಂ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದ ಹತ್ತು ರೂಪಾಯಿ 22.5 ಗ್ರಾಂ ತೂಗಿದರೂ ಬೆಳ್ಳಿ ಅರ್ಧದಷ್ಟೇ, 11.25 ಗ್ರಾಂ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿಗೆ 2010ರ ಇಸವಿಯಲ್ಲಿ ಬಂದ ಸಾವಿರ ರೂಪಾಯಿ ನಾಣ್ಯವೂ 35 ಗ್ರಾಂನದೇ, ಆದರೆ ಬೆಳ್ಳಿ ನೂರಕ್ಕೆ 80. ರಿಸರ್ವ್ ಬ್ಯಾಂಕಿಗೆ 90 ತುಂಬಿದಾಗ 2024ರಲ್ಲಿ ಬಿಡುಗಡೆಯಾದ 90 ರೂಪಾಯಿ ನಾಣ್ಯ 40 ಗ್ರಾಂ ಅಪ್ಪಟ ಬೆಳ್ಳಿಯದು. ಕೊಳ್ಳುವ ಮುನ್ನ ತೂಕ, ಪ್ರಮಾಣ ಎರಡನ್ನೂ ಗುಣಿಸಿ ನೋಡುವುದು ನನ್ನ ಮೊದಲ ಕೆಲಸ.

ಎರಡನೆಯದು ಸ್ಥಿತಿ. ಟಂಕಸಾಲೆ ಈ ನಾಣ್ಯಗಳನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೊಡುತ್ತದೆ. ಒಂದು ಪ್ರೂಫ್, ಉಜ್ಜಿ ಹೊಳಪೇರಿಸಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ತೆಗೆದದ್ದು. ಬಯಲು ಕನ್ನಡಿಯಂತಿದ್ದು, ಚಿತ್ರ ಮಂಜು ಕವಿದಂತೆ ಮೇಲೆದ್ದು ನಿಲ್ಲುತ್ತದೆ. ಇನ್ನೊಂದು ಚಲಾವಣೆಗೆ ಹೋಗದ ಸಾದಾ ನಾಣ್ಯ. ಪ್ರೂಫ್‌ನ ಬಯಲಿನ ಮೇಲೆ ಬೆರಳಚ್ಚು ಬಿದ್ದರೂ ಬೆಲೆ ಇಳಿಯುತ್ತದೆ.

ಸ್ಥಿತಿಯ ತೂಕ ಎಷ್ಟೆಂದು ತಿಳಿಯಲು ಅಮೆರಿಕದ ಉದಾಹರಣೆ ನೋಡಬೇಕು. ಅಲ್ಲಿ ವಸಾಹತು ಕಾಲದ ಹಲವು ನೆಲೆಗಳ ನೆನಪಿಗೆ ಬೆಳ್ಳಿಯ ಅರ್ಧ ಡಾಲರ್ ಬಂದಿದೆ: 1934ರಲ್ಲಿ ಮೇರಿಲ್ಯಾಂಡ್, 1935ರಲ್ಲಿ ಕನೆಕ್ಟಿಕಟ್, 1936ರಲ್ಲಿ ರೋಡ್ ಐಲೆಂಡ್ ಮತ್ತು ಲಾಂಗ್ ಐಲೆಂಡ್. ಪ್ರತಿಯೊಂದರಲ್ಲೂ ಬೆಳ್ಳಿ 11.25 ಗ್ರಾಂ, ನಮ್ಮ 1972ರ ಹತ್ತು ರೂಪಾಯಿಯಲ್ಲಿರುವಷ್ಟೇ. 1936ರಲ್ಲಿ ಇಂಥ ನಾಣ್ಯಗಳ ಸುಗ್ಗಿ. ಕೊಂಡದ್ದನ್ನು ನಾಳೆಯೇ ಹೆಚ್ಚಿಗೆ ಮಾರುವ ಆಸೆಯಿಂದ ಜನ ಮುಗಿಬಿದ್ದರು, ಬೆಲೆ ಏರಿತು, ಬಳಿಕ ಕುಸಿಯಿತು. ಹಳೆಯ ಅನುಮತಿಗಳ ಮೇಲೆ ಮತ್ತೆ ಮತ್ತೆ ನಾಣ್ಯ ಹೊರಡಿಸುವುದನ್ನು ಅಲ್ಲಿನ ಸಂಸತ್ತು 1939ರಲ್ಲಿ ನಿಲ್ಲಿಸಿತು. ಇಂದು ಅವೇ ನಾಣ್ಯಗಳನ್ನು 70 ಅಂಕಗಳ ಮಾಪನದಲ್ಲಿ ಪರೀಕ್ಷಿಸಿ, ಪಾರದರ್ಶಕ ಕವಚದಲ್ಲಿ ಮುಚ್ಚಿ ಮಾರುತ್ತಾರೆ. ಒಂದೇ ವರ್ಷದ, ಒಂದೇ ಅಚ್ಚಿನ ಎರಡು ನಾಣ್ಯಗಳಲ್ಲಿ ಅಂಕ ಹೆಚ್ಚಿದ್ದದ್ದು ಹಲವು ಪಟ್ಟು ಬೆಲೆಗೆ ಹೋಗುವುದುಂಟು. ಬೆಳ್ಳಿ ಎರಡರಲ್ಲೂ ಅಷ್ಟೇ.

ನಮ್ಮ ಕಡೆ ಸ್ಥಿತಿ ಕೆಡುವುದು ಹೆಚ್ಚಾಗಿ ಭಕ್ತಿಯಿಂದ. ಕರ್ಜಗಿಯ ಅನೇಕ ಮನೆಗಳ ಜಗಲಿಯಲ್ಲಿ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿವೆ. 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಸುಮಾರು 10.7 ಗ್ರಾಂ. ದೀಪಾವಳಿಯ ಲಕ್ಷ್ಮೀಪೂಜೆಗೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಅರಿಷಿಣ ಕುಂಕುಮ ಏರಿಸುತ್ತೇವೆ. ಪೂಜೆಯ ನಾಣ್ಯಕ್ಕೆ ಅದು ಸರಿಯೇ. ಸಂಗ್ರಹದ ನಾಣ್ಯವನ್ನು ಮಾತ್ರ ಯಾವ ಪುಡಿಯಿಂದಲೂ ತಿಕ್ಕಬಾರದು. ಕಾಲ ಕೂರಿಸಿದ ಕಪ್ಪುಛಾಯೆಯನ್ನು ಸಂಗ್ರಾಹಕರು ಮೆಚ್ಚುತ್ತಾರೆ. ತಿಕ್ಕಿದ ಗೀರು ಕಂಡರೆ ಬೆಲೆ ಇಳಿಸುತ್ತಾರೆ. ನಮ್ಮ ಮನೆಯಲ್ಲಿ ಪೂಜೆಯವು ಬೇರೆ, ಸಂಗ್ರಹದವು ಬೇರೆ. ಸಂಗ್ರಹದವನ್ನು ಅಂಚು ಹಿಡಿದೇ ಎತ್ತುತ್ತೇನೆ, ಪಿವಿಸಿ ಚೀಲದಲ್ಲಿ ಇಡುವುದಿಲ್ಲ.

ತೆರಿಗೆಯ ವಿಷಯದಲ್ಲೂ ಪೂಜೆಯ ನಾಣ್ಯಕ್ಕೆ ರಿಯಾಯಿತಿ ಇಲ್ಲ. ಮಹಾಲಕ್ಷ್ಮಿ ಪೂಜೆಗೆ ಬಳಸುತ್ತಿದ್ದ ಚಿನ್ನ, ಬೆಳ್ಳಿಯ ನಾಣ್ಯಗಳು ಸ್ವಂತ ಬಳಕೆಯ ವಸ್ತುಗಳಲ್ಲ ಎಂದು ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಹಾಗಾಗಿ ಮಾರಿ ಬಂದ ಲಾಭ ಬಂಡವಾಳ ಲಾಭವಾಗುತ್ತದೆ. 24 ತಿಂಗಳು ಮೀರಿ ಇಟ್ಟುಕೊಂಡಿದ್ದನ್ನು 2024ರ ಜುಲೈ 23ರ ನಂತರ ಮಾರಿದರೆ ತೆರಿಗೆ ಶೇಕಡ 12.5. ಕೊಂಡ ರಸೀದಿ ಇದ್ದರೆ ಲಾಭ ಎಷ್ಟೆಂದು ತೋರಿಸುವುದು ಸುಲಭ.

ಮೊಬೈಲಿಗೆ ಬರುವ ಸುಳ್ಳು ಜಾಹೀರಾತುಗಳ ಬಗ್ಗೆ ಒಂದು ಮಾತು. ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರನ್ನು ನಂಬಬೇಡಿ. ಹಳೆಯ ನೋಟು ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನಿಜವಾಗಿ ಕೊಳ್ಳುವವರು ನಮಗೆ ಹಣ ಕೊಡುತ್ತಾರೆ, ನಮ್ಮಿಂದ ಕೇಳುವುದಿಲ್ಲ.

ಹಾಗಾದರೆ ಎಷ್ಟು ರೊಕ್ಕ ಹಾಕಬೇಕು? ನಮ್ಮಲ್ಲಿ ಹಣ ಬರುವುದು ಸುಗ್ಗಿಯಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಪಟ್ಟಿ ಕೈಗೆ ಬಂದಾಗ ಮೊದಲು ಸಾಲ, ಮುಂದಿನ ಬಿತ್ತನೆ, ಮಕ್ಕಳ ಫೀ, ವಿಮೆ, ಕಷ್ಟಕಾಲದ ಇಡುಗಂಟು. ಇವೆಲ್ಲ ಆದಮೇಲೆ ಉಳಿದದ್ದರಲ್ಲಿ, ಹಬ್ಬ ತಿರುಗಾಟಕ್ಕೆ ತೆಗೆದಿಡುವ ಮೊತ್ತದಿಂದ ಮಾತ್ರ ನಾನು ನಾಣ್ಯ ಕೊಳ್ಳುತ್ತೇನೆ. ಹೊಸಬರು ಚಿಲ್ಲರೆಯಲ್ಲಿ ಸಿಗುವ ಐದು, ಹತ್ತು ರೂಪಾಯಿಯ ಸ್ಮರಣಾರ್ಥ ನಾಣ್ಯಗಳಿಂದ ಶುರುಮಾಡಲಿ. ಮುಖಬೆಲೆಗೇ ಸಿಕ್ಕಿದ್ದರಲ್ಲಿ ನಷ್ಟದ ಮಾತಿಲ್ಲ, ಕಣ್ಣು ಪಳಗುತ್ತದೆ.

ಕೊನೆಯದಾಗಿ, ಒಂದು ವಹಿ ಇಡಿ. ನಾಣ್ಯ ಯಾವುದು, ಯಾವ ವರ್ಷದ್ದು, ಯಾರಿಂದ ಎಷ್ಟಕ್ಕೆ ಕೊಂಡದ್ದು, ಅದರಲ್ಲಿ ಬೆಳ್ಳಿ ಎಷ್ಟು, ಮಾರುವುದಾದರೆ ಯಾರನ್ನು ಕೇಳಬೇಕು, ಎಲ್ಲವನ್ನೂ ಬರೆದು ಮನೆಯವರಿಗೆ ತೋರಿಸಿ. ಸಂಗ್ರಾಹಕ ತೀರಿಕೊಂಡ ಮೇಲೆ ಎಷ್ಟೋ ಸಂಗ್ರಹಗಳು ಹಳೆ ಪಾತ್ರೆಗಳ ಜೊತೆ ತೂಕಕ್ಕೆ ಹೋಗುತ್ತವೆ. ಬಸವಣ್ಣನವರ ನಾಣ್ಯಕ್ಕೆ ನಾನು ಬೆಳ್ಳಿಗಿಂತ ಹೆಚ್ಚಿಗೆ ಕೊಟ್ಟದ್ದು ಏಕೆಂದು ನನ್ನ ಮಕ್ಕಳಿಗೆ ಗೊತ್ತಿದ್ದರೆ, ಅವರು ಅದನ್ನು ಇಟ್ಟುಕೊಂಡರೂ ಸರಿ, ಮಾರಿದರೂ ಸರಿ, ತಿಳಿದು ಮಾಡುತ್ತಾರೆ.