ಸಣ್ಣ ಯಂತ್ರೋದ್ಯಮಕ್ಕೆ ಸಂಶೋಧನಾ ಕೇಂದ್ರದ ನೆರವು: ಪಡೆಯುವ ಕ್ರಮ

ಪ್ರಯೋಗಾಲಯದಲ್ಲಿ ಯಶಸ್ವಿಯಾದ ತಂತ್ರಕ್ಕೂ, ಕಾರ್ಖಾನೆಯ ಶೆಡ್ಡಿನಲ್ಲಿ ಧೂಳು, ಎಣ್ಣೆ ಹಾಗೂ ವಿದ್ಯುತ್ತಿನ ಏರಿಳಿತಗಳ ನಡುವೆ ದಿನಕ್ಕೆ ಎರಡು ಶಿಫ್ಟ್ ದುಡಿಯಬಲ್ಲ ತಂತ್ರಕ್ಕೂ ಇರುವ ಅಂತರವನ್ನು ತುಂಬುವುದೇ ಅನ್ವಯಿಕ ಸಂಶೋಧನಾ ಕೇಂದ್ರಗಳ ಕೆಲಸ. ತಂತ್ರಜ್ಞಾನವೊಂದು ಎಷ್ಟು ಪಕ್ವವಾಗಿದೆ ಎಂಬುದನ್ನು ಹೇಳಲು ಅಮೆರಿಕದ ನಾಸಾದಲ್ಲಿ ರೂಪುಗೊಂಡ 'ಸಿದ್ಧತಾ ಮಟ್ಟ'ಗಳ ಅಳತೆಗೋಲಿನಲ್ಲಿ 1 ಎಂದರೆ ಮೂಲತತ್ತ್ವವಷ್ಟೇ ತಿಳಿದಿರುವ ಸ್ಥಿತಿ, 9 ಎಂದರೆ ನಿಜವಾದ ಬಳಕೆಯಲ್ಲಿ ಸಾಬೀತಾದ ಸ್ಥಿತಿ; ಇವೆರಡರ ನಡುವಿನ ಹಾದಿಯಲ್ಲಿ ಹಣವೂ ಶ್ರಮವೂ ಹೆಚ್ಚು ವ್ಯಯವಾಗುತ್ತವೆ, ಸಣ್ಣ ಉದ್ಯಮಿ ಕೈಚೆಲ್ಲುವುದೂ ಅಲ್ಲಿಯೇ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಂಟಿಐ, ಇಂತಹ ಕೇಂದ್ರಗಳಿಗೆ ಒಳ್ಳೆಯ ಉದಾಹರಣೆ. ಯಂತ್ರೋಪಕರಣಗಳ ವಿನ್ಯಾಸ ದೇಶದಲ್ಲಿಯೇ ನಡೆಯಬೇಕೆಂಬ ಉದ್ದೇಶದಿಂದ 1962ರಲ್ಲಿ ಚೆಕೊಸ್ಲೊವಾಕಿಯಾದ ಸಹಕಾರದೊಂದಿಗೆ ಆರಂಭವಾದ ಈ ಸಂಸ್ಥೆ ಈಗ ಕೇಂದ್ರದ ಬೃಹತ್ ಕೈಗಾರಿಕಾ ಸಚಿವಾಲಯದ ಅಧೀನದಲ್ಲಿದೆ. ಉತ್ಪಾದನೆಯಲ್ಲಿ ಸೆನ್ಸರ್, ದತ್ತಾಂಶ ಹಾಗೂ ಜಾಲಸಂಪರ್ಕಗಳ ಬಳಕೆಯನ್ನು ಪ್ರೋತ್ಸಾಹಿಸಲು ಆ ಸಚಿವಾಲಯ ರೂಪಿಸಿದ 'ಸಮರ್ಥ ಉದ್ಯೋಗ್' ಕಾರ್ಯಕ್ರಮದ ಕೇಂದ್ರಗಳಲ್ಲಿ ಸಿಎಂಟಿಐ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿರುವುದರಿಂದ, ಪೀಣ್ಯದ ಉದ್ಯಮಿಗೆ ಇಂತಹ ಎರಡು ಬಾಗಿಲುಗಳು ಊರಿನಲ್ಲಿಯೇ ಇವೆ. ಅಚ್ಚು ಮತ್ತು ಟೂಲಿಂಗ್ ಕೆಲಸಕ್ಕೆ, ಕುಶಲ ಕಾರ್ಮಿಕರ ತರಬೇತಿಗೆ ರಾಜ್ಯದ ಹಲವು ಜಿಲ್ಲೆಗಳಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇನ್ನೂ ಹತ್ತಿರದ ದಾರಿ.

ಕೇಂದ್ರದ ಬಾಗಿಲು ತಟ್ಟುವ ಮುನ್ನ ಉದ್ಯಮಿ ಇಡಬೇಕಾದ ಮೊದಲ ಹೆಜ್ಜೆಯೆಂದರೆ, ಬೇಕಾಗಿರುವ ಯಂತ್ರದ ಹೆಸರನ್ನಲ್ಲ, ಕಾಡುತ್ತಿರುವ ತೊಂದರೆಯನ್ನು ಅಂಕಿಗಳಲ್ಲಿ ಬರೆದಿಡುವುದು. 'ರೋಬೋ ಬೇಕು' ಎಂಬ ಬೇಡಿಕೆಯಿಂದ ವಿಜ್ಞಾನಿಗೆ ಏನೂ ತಿಳಿಯುವುದಿಲ್ಲ. ಇದಕ್ಕೆ ಸರಳವಾದ ಸಾಧನವೆಂದರೆ 'ಓಇಇ', ಅಂದರೆ ಯಂತ್ರದ ಒಟ್ಟು ಕಾರ್ಯಸಾಮರ್ಥ್ಯದ ಲೆಕ್ಕ. ಯಂತ್ರ ದುಡಿದ ಸಮಯ, ದುಡಿದ ವೇಗ ಮತ್ತು ಒಪ್ಪಿತವಾದ ಜಾಬ್‌ಗಳ ಪಾಲು, ಈ ಮೂರನ್ನೂ ಗುಣಿಸಿದರೆ ಅದು ದೊರೆಯುತ್ತದೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಊಟ, ಚಹಾದ ಬಿಡುವು ಕಳೆದು 450 ನಿಮಿಷಗಳಿರುವ ಶಿಫ್ಟಿನಲ್ಲಿ ಸಿಎನ್‌ಸಿ ಲೇತ್ ಓಡಿದ್ದು 360 ನಿಮಿಷವಾದರೆ ಅದು ಶೇ 80. ಜಾಬ್ ಒಂದಕ್ಕೆ 3 ನಿಮಿಷದಂತೆ ಆ ಅವಧಿಯಲ್ಲಿ 120 ಆಗಬೇಕಿದ್ದಲ್ಲಿ 108 ಆಗಿದ್ದರೆ ಅದು ಶೇ 90. ಅದರಲ್ಲಿ 6 ರಿಜೆಕ್ಟ್ ಆಗಿ 102 ಉಳಿದರೆ ಒಟ್ಟು ಸಾಮರ್ಥ್ಯ ಶೇ 68ಕ್ಕೆ ಬಂದು ನಿಲ್ಲುತ್ತದೆ. ಕಳೆದುಹೋದ 90 ನಿಮಿಷಗಳು ಎಲ್ಲಿ ಹೋದವು ಎಂಬುದನ್ನು ಕನಿಷ್ಠ ಎರಡು ವಾರ ಗಡಿಯಾರ ಹಿಡಿದು ಬರೆದಿಟ್ಟರೆ, ಅದರಲ್ಲಿ ಬಹುಪಾಲು ಸೆಟ್ಟಿಂಗ್ ಬದಲಿಸುವುದಕ್ಕೋ ಗೇಜ್ ಹುಡುಕುವುದಕ್ಕೋ ವ್ಯಯವಾಗಿರುವುದು ಕಾಣಬಹುದು. ಹಾಗಿದ್ದಲ್ಲಿ ಅದಕ್ಕೆ ಬೇಕಾದದ್ದು ಒಪ್ಪವಾಗಿ ಜೋಡಿಸಿದ ಟೂಲ್ ಟ್ರಾಲಿಯೇ ಹೊರತು ಲಕ್ಷಾಂತರ ರೂಪಾಯಿಯ ಸಾಧನವಲ್ಲ.

ರಿಜೆಕ್ಷನ್ನೇ ಮುಖ್ಯ ತೊಂದರೆಯಾಗಿದ್ದರೆ, ಯಂತ್ರದ ಮೇಲೆ ಸಂಶಯಪಡುವ ಮುನ್ನ ಅಳತೆಯನ್ನೇ ಪರೀಕ್ಷೆಗೆ ಒಡ್ಡಬೇಕು. ಉದ್ದಳತೆಗೆ ಜಗತ್ತೆಲ್ಲ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕಿನ 100 ಮಿಲಿಮೀಟರ್ ಉದ್ದ 10 ಡಿಗ್ರಿ ಬಿಸಿಯಾದರೆ ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದೇ ಗಾತ್ರದ ಶಾಫ್ಟಿಗೆ ನಕ್ಷೆಯಲ್ಲಿ 'ಎಚ್6' ದರ್ಜೆಯ ಮಿತಿ ನಮೂದಾಗಿದ್ದರೆ ಅಳತೆ ಆಚೀಚೆ ಆಗಲು ಇರುವ ಒಟ್ಟು ಅವಕಾಶವೇ 22 ಮೈಕ್ರಾನ್, ಅಂದರೆ ಲೇತಿನಿಂದ ಬಿಸಿಯಾಗಿ ಇಳಿಸಿದ ಜಾಬ್‌ಗೆ ಕೂಡಲೇ ಮೈಕ್ರೋಮೀಟರ್ ಹಿಡಿದರೆ ಆ ಅವಕಾಶದ ಅರ್ಧವನ್ನು ಬಿಸಿಯೊಂದೇ ನುಂಗಿಬಿಡುತ್ತದೆ. ಕೇಂದ್ರಗಳ ಅಳತೆ ಕೋಣೆಗಳಲ್ಲಿ ಉಷ್ಣತೆಯನ್ನು ಹಗಲಿರುಳು ಒಂದೇ ಸಮ ಕಾಯ್ದುಕೊಳ್ಳುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಭೇಟಿಯಲ್ಲಿ ದೊಡ್ಡ ಯೋಜನೆಯ ಮಾತಿಗಿಂತ, ಗೇಜುಗಳ ಕ್ಯಾಲಿಬ್ರೇಷನ್ ಮಾಡಿಸಿ, ಕೆಲವು ಜಾಬ್‌ಗಳನ್ನು ಅಲ್ಲಿ ಅಳೆಸಿ, ಕಾರ್ಖಾನೆಯ ಅಳತೆಯೊಂದಿಗೆ ಹೋಲಿಸುವುದು ಅಗ್ಗವೂ ಹೌದು, ಫಲಪ್ರದವೂ ಹೌದು.

ಭೇಟಿಗೆ ಹೋಗುವಾಗ ಜಾಬ್‌ನ ನಕ್ಷೆ, ಕಚ್ಚಾ ಲೋಹದ ಪ್ರಮಾಣಪತ್ರ, ಬಳಸುತ್ತಿರುವ ಇನ್ಸರ್ಟ್ ಮತ್ತು ಕೂಲೆಂಟಿನ ವಿವರಗಳೊಂದಿಗೆ ರಿಜೆಕ್ಟ್ ಆದ ಜಾಬ್‌ಗಳನ್ನೂ ಒಪ್ಪಿತವಾದವುಗಳನ್ನೂ ಒಯ್ಯಬೇಕು. ಕೆಟ್ಟದ್ದನ್ನು ಮಾತ್ರ ಕೊಟ್ಟರೆ ಅದು ಒಳ್ಳೆಯದಕ್ಕಿಂತ ಎಲ್ಲಿ ಬೇರೆಯಾಯಿತು ಎಂಬುದು ತಿಳಿಯುವುದಿಲ್ಲ.

ಪರೀಕ್ಷೆ ಮತ್ತು ಸಲಹೆಗಳ ಹಂತ ದಾಟಿ ಹೊಸ ಸಾಧನವನ್ನೇ ರೂಪಿಸುವ ಯೋಜನೆಗೆ ಇಳಿದಾಗ ಲಿಖಿತ ಒಪ್ಪಂದ ಅನಿವಾರ್ಯ. ಗ್ರಾಹಕ ಕಂಪನಿಯ ನಕ್ಷೆಗಳ ಗೋಪ್ಯತೆ, ಹುಟ್ಟುವ ವಿನ್ಯಾಸದ ಹಕ್ಕು, ಸಾಫ್ಟ್‌ವೇರಿನ ಮೂಲ ಕೋಡ್ ಯಾರ ವಶದಲ್ಲಿರಬೇಕು ಎಂಬುದು, ಸಾಧನ ಕೆಟ್ಟಾಗ ದುರಸ್ತಿಯ ಹೊಣೆ, ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ವೀಕಾರದ ಷರತ್ತು: 'ಸಾಮರ್ಥ್ಯ ಹೆಚ್ಚಬೇಕು' ಎಂದು ಬರೆದರೆ ನಾಳೆ ವಿವಾದವೇ ಗತಿ, ಇಂತಹ ಜಾಬ್‌ನಲ್ಲಿ, ಇಷ್ಟು ಶಿಫ್ಟುಗಳವರೆಗೆ, ರಿಜೆಕ್ಷನ್ ಇಷ್ಟಕ್ಕಿಂತ ಮೀರಬಾರದು ಎಂದು ಬರೆದರೆ ಇಬ್ಬರಿಗೂ ನೆಮ್ಮದಿ. ಸರ್ಕಾರಿ ಯೋಜನೆಗಳ ರಿಯಾಯಿತಿಗೆ ಬೇಕಾಗುವ 'ಉದ್ಯಮ್' ನೋಂದಣಿ ಉಚಿತವಾಗಿದ್ದು, 2025ರ ಏಪ್ರಿಲ್ 1ರಿಂದ 25 ಕೋಟಿ ರೂಪಾಯಿವರೆಗಿನ ಯಂತ್ರ ಹೂಡಿಕೆ ಹಾಗೂ 100 ಕೋಟಿ ರೂಪಾಯಿವರೆಗಿನ ವಹಿವಾಟು ಇರುವ ಘಟಕಗಳು ಸಣ್ಣ ಉದ್ಯಮದ ವ್ಯಾಪ್ತಿಗೆ ಬರುತ್ತವೆ.

ಅಳವಡಿಕೆಯನ್ನು ಒಂದೇ ಯಂತ್ರದಿಂದ ಆರಂಭಿಸಬೇಕು, ಅದೂ ಹಳೆಯ ಯಂತ್ರವಾದರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನ ಗಂಧವೇ ಇಲ್ಲದ ಲೇತಿನಲ್ಲಿಯೂ ಸ್ಪಿಂಡಲ್ ಮೋಟಾರಿಗೆ ಹೋಗುವ ವಯರಿನ ಸುತ್ತ, ವಯರನ್ನು ಕತ್ತರಿಸದೆ, ಬಳೆಯಂತೆ ತೊಡಿಸುವ ವಿದ್ಯುತ್ ಸೆನ್ಸರ್ ಒಂದಿದ್ದರೆ, ಯಂತ್ರ ಲೋಹ ಕತ್ತರಿಸುತ್ತಿದೆಯೇ, ಬರಿದೇ ತಿರುಗುತ್ತಿದೆಯೇ, ನಿಂತಿದೆಯೇ ಎಂಬುದು ಪ್ರವಾಹದ ಏರಿಳಿತದಿಂದಲೇ ದಾಖಲಾಗುತ್ತದೆ. ಸ್ಪಿಂಡಲಿನ ಮೈಮೇಲೆ ಕೂರಿಸಿದ ಕಂಪನ ಸೆನ್ಸರ್ ಬೇರಿಂಗಿನ ಸವೆತವನ್ನು ಅದು ಪೂರ್ತಿ ಕೆಡುವ ಮುನ್ನವೇ ಸೂಚಿಸಬಲ್ಲದು. ಆದರೆ ಬೇರಿಂಗಿನ ಸದ್ದು ಬದಲಾದದ್ದನ್ನು ಕಿವಿಯಿಂದಲೇ ಗುರುತಿಸುವ ಆಪರೇಟರನ್ನು ದೂರವಿಟ್ಟು ಮಾಡಿದ ಅಳವಡಿಕೆ ಬಹುಕಾಲ ಬಾಳುವುದಿಲ್ಲ. ಎಚ್ಚರಿಕೆಯ ದೀಪ ಹೊತ್ತಿದಾಗ ನಿಜವಾಗಿ ಏನಾಗಿತ್ತು ಎಂಬುದನ್ನು ಹೇಳಬಲ್ಲವರು ಅವರೇ ಆದ್ದರಿಂದ, ಕೇಂದ್ರದ ವಿಜ್ಞಾನಿ ಮೊದಲ ದಿನ ಬಂದಾಗಲೇ ಅವರನ್ನು ಯಂತ್ರದ ಪಕ್ಕದಲ್ಲಿ ಜೊತೆಗೆ ನಿಲ್ಲಿಸಬೇಕು, ಮತ್ತು ಈ ದತ್ತಾಂಶ ಅವರ ಸಂಬಳ ಕಡಿತಕ್ಕೆ ಬಳಕೆಯಾಗದೆಂದು ಮಾಲೀಕರು ಮೊದಲೇ ಭರವಸೆ ಕೊಡಬೇಕು.

ಮೂರು ತಿಂಗಳ ನಂತರ ಅದೇ ಯಂತ್ರದಲ್ಲಿ, ಅದೇ ಜಾಬ್‌ಗೆ, ಮೊದಲು ಬಳಸಿದ ಹಾಳೆಯ ಮಾದರಿಯಲ್ಲಿಯೇ ಎರಡು ವಾರದ ಓಇಇ ಲೆಕ್ಕವನ್ನು ಮತ್ತೊಮ್ಮೆ ಬರೆದು, ಎರಡೂ ಹಾಳೆಗಳ ಪ್ರತಿಯನ್ನು ಕೇಂದ್ರಕ್ಕೆ ಕಳುಹಿಸಬೇಕು. ಎರಡನೆಯ ಯಂತ್ರಕ್ಕೆ ಆರ್ಡರ್ ಕೊಡುವುದು ಅಲ್ಲಿಂದ ಉತ್ತರ ಬಂದ ಮೇಲೆಯೇ.