ಒಂದೇ ಕಡೆಗೆ ತಿರುಗುವ ಹರಿಗೋಲು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ನೆಲವೇ ರಾಯಚೂರು ಸೀಮೆ. ದೇವದುರ್ಗ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆಯೂ ಮಾನ್ವಿಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆಯೂ ಹರಿಯುತ್ತವೆ. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಇಲ್ಲಿನ ಜನರ ಸಂತೆ, ಜಾತ್ರೆ, ಬೀಗತನಗಳೆಲ್ಲವೂ ಹರಿಗೋಲನ್ನೇ ಅವಲಂಬಿಸಿದ್ದವು. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದಗಳಂತಹ ನಡುಗಡ್ಡೆಯ ಹಳ್ಳಿಗಳಿಗಂತೂ ಅದು ಬಾಗಿಲೇ ಆಗಿತ್ತು. ತೆಪ್ಪವೆಂದು ಕರೆಯುವ ರೂಢಿಯೂ ಉಂಟು.

ಹರಿಗೋಲು ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ. ಅದಕ್ಕೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಅನಂತರ ದಪ್ಪ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುವ ಪದ್ಧತಿ ಬಂದಿತು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇವುಗಳ ಬಗ್ಗೆ ಬರೆದಿದ್ದಾನೆ. ಹದಿನೈದು ಇಪ್ಪತ್ತು ಮಂದಿ ಕುಳಿತುಕೊಳ್ಳಬಹುದೆಂದೂ ಕುದುರೆ ಎತ್ತುಗಳನ್ನೂ ಇವುಗಳಲ್ಲಿ ದಾಟಿಸುವರೆಂದೂ ಹೇಳಿ, ಇವು ನೇರವಾಗಿ ಸಾಗಲಾರದೆ ಸದಾ ಸುತ್ತುತ್ತಲೇ ಇರುತ್ತವೆಂಬುದನ್ನೂ ಗುರುತಿಸಿದ್ದಾನೆ. ಅದೇ 1520ರಲ್ಲಿ ನಡೆದ ರಾಯಚೂರಿನ ಯುದ್ಧದಲ್ಲಿ ಸೋತ ಬಿಜಾಪುರದ ಸೈನಿಕರಲ್ಲಿ ಅನೇಕರು ಕೃಷ್ಣೆಯ ಪಾಲಾದರು. ಈ ಹೊಳೆಯನ್ನು ದಾಟುವುದು ಎಂದೂ ಹಗುರವಾದ ಮಾತಾಗಿರಲಿಲ್ಲ.

ಪಾಯೆಸನು ಕಂಡ ಸುತ್ತಾಟಕ್ಕೆ ಕಾರಣವು ಹರಿಗೋಲಿನ ಆಕಾರದಲ್ಲೇ ಇದೆ. ಉದ್ದನೆಯ ದೋಣಿಗೆ ಮೂತಿಯುಂಟು, ಹಿಂಬದಿಯುಂಟು. ಅದರ ಉದ್ದವೇ ಅದನ್ನು ದಿಕ್ಕಿನಲ್ಲಿ ಹಿಡಿದಿಡುತ್ತದೆ. ದುಂಡಗಿನ ಹರಿಗೋಲಿಗೆ ಹಿಂದು ಮುಂದುಗಳಿಲ್ಲ. ಬಲಕ್ಕೆ ಹುಟ್ಟು ಹಾಕಿದರೆ ಎಡಕ್ಕೆ, ಎಡಕ್ಕೆ ಹಾಕಿದರೆ ಬಲಕ್ಕೆ ಅದು ತಿರುಗಿಬಿಡುತ್ತದೆ. ಆದುದರಿಂದ ಅಂಬಿಗನು ಮುಂಭಾಗದಲ್ಲಿದ್ದು, ಒಮ್ಮೆ ಬಲದಿಂದ ಒಮ್ಮೆ ಎಡದಿಂದ ನೀರನ್ನು ತನ್ನತ್ತ ಸೆಳೆಯುತ್ತಾ ಅದನ್ನು ನಡೆಸುತ್ತಾನೆ. ಅಲ್ಪಸ್ವಲ್ಪ ಓಲಾಟ ಅದಕ್ಕೆ ಸಹಜ. ಆದರೆ ಕೆಲವು ಹರಿಗೋಲುಗಳು ಎಷ್ಟು ಸಮನಾಗಿ ಹುಟ್ಟು ಹಾಕಿದರೂ ಒಂದೇ ಪಕ್ಕಕ್ಕೆ ಎಳೆಯುತ್ತವೆ. ಇದು ಬರಿಯ ಕಿರಿಕಿರಿಯಲ್ಲ. ತಿರುಗುತ್ತಾ ಹೋದ ಹರಿಗೋಲು ತಡಮಾಡುತ್ತದೆ. ತಡವಾದಷ್ಟೂ ಸೆಳವು ಅದನ್ನು ಇಳಿದಾಣದಿಂದ ಕೆಳಕ್ಕೆ, ಬಂಡೆಗಳ ಕಡೆಗೆ ಒಯ್ಯುತ್ತದೆ. ಆಗ ಒಳಗಿನವರು ಗಾಬರಿಯಿಂದ ಒಂದೇ ಮಗ್ಗುಲಿಗೆ ಒರಗಿದರೆ ಅಂಚು ನೀರಿಗಿಳಿಯುತ್ತದೆ.

ಇಂತಹ ದೋಷ ಕಂಡಾಗ ಹೆಣೆದವನನ್ನು ಬೈಯುವುದು ಸುಲಭ; ಅಂಬಿಗನ ತೋಳನ್ನು ದೂರುವುದು ಇನ್ನೂ ಸುಲಭ. ಆದರೆ ದೋಷವು ಬುಟ್ಟಿಯಲ್ಲಿದೆಯೋ, ಹೊರೆಯಲ್ಲಿದೆಯೋ, ಕೈಯಲ್ಲಿದೆಯೋ ಅಥವಾ ಹೊಳೆಯಲ್ಲಿಯೇ ಇದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಹೊಳೆಯಿಂದಲೇ ಪ್ರಾರಂಭಿಸುವುದು ಲೇಸು, ಏಕೆಂದರೆ ಬಹುಮಂದಿ ಅದನ್ನು ಮರೆಯುತ್ತಾರೆ.

ಹೊಳೆಯ ನೀರು ಎಲ್ಲೆಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ದಡದ ಬಳಿ ನಿಧಾನ, ಸಾಮಾನ್ಯವಾಗಿ ನಡುವಿನಲ್ಲಿ ರಭಸ. ದೇವದುರ್ಗದ ದಡದಿಂದ ಉತ್ತರಕ್ಕೆ ಹೊರಟ ಅಂಬಿಗನಿಗೆ ಕೃಷ್ಣೆಯು ಬಲಕ್ಕೆ ಹರಿಯುತ್ತದೆ. ಹರಿಗೋಲಿನ ಮುಂದಿನ ಅಂಚು ರಭಸದ ನೀರನ್ನು ಮೊದಲು ಮುಟ್ಟುವುದರಿಂದ ಆ ಅಂಚು ಬಲಕ್ಕೆ ತಳ್ಳಲ್ಪಡುತ್ತದೆ. ಹರಿಗೋಲು ಬಲಕ್ಕೆ ತಿರುಗುತ್ತದೆ. ನಡುಹೊಳೆ ದಾಟಿದ ಮೇಲೆ ಹಿಂದಿನ ಅಂಚು ರಭಸದ ನೀರಿನಲ್ಲಿರುವುದರಿಂದ ತಿರುವು ಎಡಕ್ಕಾಗುತ್ತದೆ. ಆಚೆ ದಡದಿಂದ ಮರಳುವಾಗ ಇದೆಲ್ಲವೂ ತಿರುಗುಮುರುಗು: ಮೊದಲು ಎಡಕ್ಕೆ, ಅನಂತರ ಬಲಕ್ಕೆ. ಆದ್ದರಿಂದ ಹೋಗುವಾಗಲೂ ಬರುವಾಗಲೂ ತಿರುವನ್ನು ಗಮನಿಸಬೇಕು. ದಡ ಬದಲಾದಂತೆ ತಿರುವೂ ಬದಲಾದರೆ ಅದು ಹೊಳೆಯ ಕೆಲಸ. ಎರಡು ಪ್ರಯಾಣಗಳಲ್ಲಿಯೂ ಬಲಕ್ಕೇ ಎಳೆದರೆ ಮಾತ್ರ ಹರಿಗೋಲನ್ನೋ ಅಂಬಿಗನನ್ನೋ ಶಂಕಿಸಬೇಕು. ಗಾಳಿಯಿಲ್ಲದ ದಿನ ಕೆರೆಯಂತಹ ನಿಂತ ನೀರಿನಲ್ಲಿ ನಡೆಸಿ ನೋಡಿದರೆ ಸಂಶಯವೇ ಉಳಿಯದು.

ಮುಂದಿನ ಪರೀಕ್ಷೆಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಹೊರೆಯನ್ನು ಇಳಿಸಬೇಕು. ಭಾರ ಹೆಚ್ಚಾದ ಮಗ್ಗುಲು ನೀರಿನಲ್ಲಿ ಆಳವಾಗಿ ಕುಳಿತು ಹೆಚ್ಚು ತಡೆಯನ್ನು ಎದುರಿಸುವುದರಿಂದ ಹರಿಗೋಲು ಆ ಕಡೆಗೇ ತಿರುಗುತ್ತದೆ. ಬರಿದಾದ ಮೇಲೂ ಎಳೆತ ನಿಲ್ಲದಿದ್ದರೆ, ಅಂಬಿಗನು ಅಂಚಿಗೊಂದು ಬಟ್ಟೆಯ ಗುರುತು ಕಟ್ಟಿ, ಎದುರು ಅಂಚಿಗೆ ಹೋಗಿ ಕುಳಿತು ನಡೆಸಬೇಕು. ಹಿಂದು ಮುಂದುಗಳಿಲ್ಲದ ಬುಟ್ಟಿಯ ಉಪಕಾರವಿದು. ಉದ್ದನೆಯ ದೋಣಿಗೆ ಈ ಸೌಕರ್ಯವೆಲ್ಲಿ? ಬಲಕ್ಕಿದ್ದ ಮಗ್ಗುಲು ಈಗ ಎಡಕ್ಕೆ ಬಂದಿರುತ್ತದೆ. ಎಳೆತವೂ ಎಡಕ್ಕೆ ಬಂದರೆ ದೋಷ ಬುಟ್ಟಿಯದು. ಬಲಕ್ಕೇ ಉಳಿದರೆ ಕೈಯದು. ಬೇರೊಬ್ಬನ ಕೈಗೆ ಹುಟ್ಟನ್ನು ಕೊಟ್ಟು ಇದನ್ನು ಖಚಿತಪಡಿಸಿಕೊಳ್ಳಬಹುದು.

ಕಡಲಿನ ಹಾಯಿದೋಣಿಗೂ ಇದೇ ತೊಡಕುಂಟು. ಗಾಳಿಗೆ ನೇರವಾಗಿ ಇದಿರು ಹೋಗಲು ಅದಕ್ಕೆ ಸಾಧ್ಯವಿಲ್ಲ. ಒಮ್ಮೆ ಬಲಮಗ್ಗುಲಿಗೆ, ಒಮ್ಮೆ ಎಡಮಗ್ಗುಲಿಗೆ ಗಾಳಿ ಹಿಡಿದು ಅಂಕುಡೊಂಕಾಗಿ ಸಾಗಬೇಕು. ಒಂದು ಮಗ್ಗುಲಿನಲ್ಲಿ ಚುರುಕಾಗಿ ಓಡಿದ ದೋಣಿ ಇನ್ನೊಂದರಲ್ಲಿ ಮಂದವಾಗುವುದುಂಟು. ಕೂವೆಮರ ವಾಲಿದೆಯೇ ಎಂದು ತಿಳಿಯಲು, ಅದರ ತುದಿಯಿಂದ ಹಗ್ಗವನ್ನಿಳಿಸಿ ಎರಡು ಪಕ್ಕದ ಅಂಚುಗಳಿಗೂ ಅಳತೆ ಸಮನೇ ಎಂದು ನೋಡುತ್ತಾರೆ. ಚುಕ್ಕಾಣಿ ಸೊಟ್ಟಗಿರಬಹುದು, ಭಾರ ಒಂದೆಡೆ ಸೇರಿರಬಹುದು. ಆದರೆ ಅಲ್ಲಿಯೂ ಹೊರಗಿನ ಕಾರಣಗಳು ಮೋಸಮಾಡುತ್ತವೆ. ಅಲೆಗಳು ಗಾಳಿಯ ದಿಕ್ಕಿನಿಂದಲೇ ಬರಬೇಕೆಂದಿಲ್ಲ. ಒಂದು ಮಗ್ಗುಲಿನ ಓಟದಲ್ಲಿ ಮೂತಿಗೆ ಬಡಿಯುವ ಅಲೆ ಇನ್ನೊಂದರಲ್ಲಿ ಪಕ್ಕಕ್ಕೆ ಬರುತ್ತದೆ. ನೀರಿನ ಮಟ್ಟದ ಗಾಳಿಗೂ ಕೂವೆಯ ತುದಿಯ ಗಾಳಿಗೂ ದಿಕ್ಕಿನಲ್ಲಿ ವ್ಯತ್ಯಾಸವಿದ್ದರೆ ಹಾಯಿಯ ಮೇಲ್ಭಾಗಕ್ಕೆ ಎರಡು ಮಗ್ಗುಲುಗಳಲ್ಲಿ ಬೇರೆ ಬೇರೆ ಕೋನದಿಂದ ಗಾಳಿ ತಗಲುತ್ತದೆ. ಇದನ್ನರಿಯದೆ ನೆಟ್ಟಗಿದ್ದ ಕೂವೆಯನ್ನು ಸರಿಪಡಿಸಹೊರಟವನು ಅದನ್ನು ಸೊಟ್ಟಗೆ ಮಾಡಿದಂತಾಗುತ್ತದೆ.

ಹರಿಗೋಲಿನಲ್ಲಿ ದೋಷವು ಬುಟ್ಟಿಯದೇ ಎಂದು ಗೊತ್ತಾದರೆ ಅದನ್ನು ದಡಕ್ಕೆಳೆದು ಬೋರಲು ಹಾಕಿ ಚೆನ್ನಾಗಿ ಒಣಗಿಸಬೇಕು. ಗುರುತಿನ ಬಟ್ಟೆಯ ಪಕ್ಕದಲ್ಲಿ ಬಿದಿರು ಮುರಿದು ಹೊಟ್ಟೆ ಜೋತಿರಬಹುದು. ಹೊದಿಕೆ ಸವೆದು ಒಳಗಿನ ಹೆಣಿಗೆ ನೀರು ಕುಡಿದಿರಬಹುದು. ವರ್ಷವರ್ಷವೂ ಅದೇ ತೂತಿಗೆ ಡಾಂಬರು ಮೆತ್ತಿ ಆ ಮಗ್ಗುಲೇ ಭಾರವಾಗಿರಬಹುದು. ಜೋತ ಹೆಣಿಗೆಯನ್ನು ಬಿಚ್ಚಿ ಹೊಸ ಸೀಳುಗಳನ್ನು ಸೇರಿಸಬೇಕು, ಹಳೆಯ ಡಾಂಬರನ್ನು ಕೆರೆದು ತೆಳುವಾಗಿ ಮತ್ತೆ ಬಳಿಯಬೇಕು. ಈ ಕೆಲಸ ಮುಂಗಾರಿಗೆ ಮುಂಚೆ, ಹೊಳೆ ಇಳಿದಿರುವ ಬೇಸಗೆಯಲ್ಲೇ ಆಗಬೇಕು. ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಎಂತಹ ಹರಿಗೋಲನ್ನಾದರೂ ನೀರಿಗಿಳಿಸುವುದು ಅವಿವೇಕ.